ತಲೆಗೆ ಅರ್ಧ ಎಕರೆ ನೀರು

ಪುಣೆಯಿಂದ ಸಾಸವಡದ ಮೇಲೆ ಹಾದು ಜೇಜುರಿಯ ಖಂಡೋಬನ ದರ್ಶನಕ್ಕೆ ಹೋಗಿಬಂದವರು ನಿಮ್ಮಲ್ಲಿ ಅನೇಕರಿರಬಹುದು. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ. ಜೇಜುರಿ ಇರುವ ಪುರಂದರ ತಾಲೂಕು ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಅದೇ ತಾಲೂಕಿನ ನಾಯಗಾಂವ್ ಎಂಬ ಹಳ್ಳಿಯಲ್ಲಿ ಹುಟ್ಟಿದ 'ಪಾಣಿ ಪಂಚಾಯತ್', ಅಂದರೆ ನೀರಿನ ಪಂಚಾಯತಿಯ ಬಗ್ಗೆ ಈ ಹೊತ್ತು ನಾಲ್ಕು ಮಾತು.

1972ರ ಬರಗಾಲ. ಜಮೀನಿದ್ದ ರೈತರೂ ಬರಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆಯುತ್ತಿದ್ದರು. ಪುಣೆಯಲ್ಲಿ ಕಾರ್ಖಾನೆ ನಡೆಸುತ್ತಿದ್ದ ಎಂಜಿನಿಯರ್ ವಿಲಾಸರಾವ್ ಸಾಳುಂಖೆ ಇದನ್ನು ಕಣ್ಣಾರೆ ಕಂಡರು. ನಾಯಗಾಂವಿನಲ್ಲಿ ದೇವಸ್ಥಾನಕ್ಕೆ ಸೇರಿದ 40 ಎಕರೆ ಬರಡು ಭೂಮಿಯನ್ನು 50 ವರ್ಷದ ಗುತ್ತಿಗೆಗೆ ಪಡೆದರು. ಇಳಿಜಾರಿಗೆ ಅಡ್ಡಲಾಗಿ ಬದು, ಕೆಳಗೆ ಜಿನುಗು ಕೆರೆ, ಬಾವಿ. ನೀರು ನಿಂತಿತು, ಬೆಳೆ ಬಂತು. 1974ರಲ್ಲಿ ಗ್ರಾಮ ಗೌರವ ಪ್ರತಿಷ್ಠಾನ ಸ್ಥಾಪನೆಯಾಯಿತು.

ಬದು ಹಾಕುವುದು ರೈತನಿಗೆ ಹೊಸದೇನಲ್ಲ. ಕಷ್ಟದ ಪ್ರಶ್ನೆ ಆಮೇಲಿನದು: ನಿಂತ ನೀರು ಯಾರಿಗೆ? ಎಲ್ಲೆಡೆ ಹೆಚ್ಚು ಜಮೀನಿದ್ದವನಿಗೆ ಹೆಚ್ಚು ನೀರು. ಪಾಣಿ ಪಂಚಾಯತ್ ಜಮೀನು ಬಿಟ್ಟು ಮನೆಯ ತಲೆಗಳನ್ನು ಎಣಿಸಿತು. ತಲೆಗೆ ಅರ್ಧ ಎಕರೆಗೆ ಸಾಲುವಷ್ಟು ನೀರು, ಒಂದು ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ನಾಲ್ವರ ಸಂಸಾರಕ್ಕೆ ಇಪ್ಪತ್ತು ಎಕರೆ ಹೊಲವಿದ್ದರೂ ನೀರು ಎರಡೇ ಎಕರೆಗೆ! ಭೂಮಿಯಿಲ್ಲದವನಿಗೂ ಹಕ್ಕುಂಟು. ಜಮೀನು ಮಾರಿದರೆ ನೀರು ಕೊಂಡವನ ಹಿಂದೆ ಹೋಗದು, ಗುಂಪಿಗೇ ವಾಪಸು. ಯೋಜನೆಯ ವೆಚ್ಚದಲ್ಲಿ ಶೇಕಡ 20ರಷ್ಟನ್ನು ರೈತರೇ ಹಾಕಬೇಕು. ನೀರು ಹಂಚುವವನಿಗೆ ಅಲ್ಲಿ ಪಾಟಕರಿ ಎನ್ನುತ್ತಾರೆ. ಕೋಲಾರದ ಕಡೆಯ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಅವನ ಕೆಲಸವನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ಬಿಗಿಯಾದ ಕಟ್ಟಳೆ ಕಬ್ಬು ಕೂಡದು ಎಂಬುದು. ಪಕ್ಕದ ಬಾರಾಮತಿ ಸೀಮೆಯವರು ಕಾಲುವೆ ನೀರಲ್ಲಿ ಕಬ್ಬು ಬೆಳೆದು, ಸಕ್ಕರೆ ಕಾರ್ಖಾನೆಗೆ ಹಾಕಿ ಹಣ ಎಣಿಸುವುದನ್ನು ನೋಡುತ್ತಿದ್ದ ರೈತನಿಗೆ 'ನೀನು ಜೋಳ ಬೆಳಿ' ಎಂದರೆ ಸುಮ್ಮನೆ ಒಪ್ಪುವ ಮಾತೇ? ಆದರೆ ವರ್ಷವಿಡೀ ನೀರು ಬೇಡುವ ಕಬ್ಬು ಒಬ್ಬನ ಹೊಲಕ್ಕೆ ಕಾಲಿಟ್ಟರೆ ನೆರೆಹೊರೆಯವರ ಪಾಲು ಬತ್ತುತ್ತದೆ. ನನ್ನ ಮಟ್ಟಿಗೆ ಈ ಪಂಚಾಯತಿಯ ಜೀವಾಳ ಇದೇ ನಿಯಮ. ಮುರಿಯುವ ಆಸೆ ಹುಟ್ಟುವುದೂ ಇಲ್ಲಿಯೇ.

ಸಾಳುಂಖೆಯವರು 2002ರಲ್ಲಿ ತೀರಿಕೊಂಡರು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಕಾನೂನು ತಂದು, ಕಾಲುವೆಗಳ ನಿರ್ವಹಣೆಯನ್ನು ನೀರು ಬಳಕೆದಾರರ ಸಂಘಗಳಿಗೆ ಒಪ್ಪಿಸಲು ದಾರಿ ಮಾಡಿತು. ಆದರೆ ಅಲ್ಲಿ ನೀರಿನ ಲೆಕ್ಕ ಮತ್ತೆ ಜಮೀನಿನದೇ.