ಬಾಗಿಲ ಮೇಲಿನ ‘ನಾಳೆ ಬಾ’

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು 2004ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು. ಮಕ್ಕಳಿಗೆ ಸಾಧನೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಸಮಿತಿಯವರು ಎರಡು ತಿಂಗಳ ಹಿಂದೆಯೇ ತಿಳಿಸಿದ್ದರು. ಭಾಷಣ ಬರೆದು ಕಳಿಸುತ್ತೇನೆ ಎಂದು ಮೂರು ಸಲ ಹೇಳಿದೆ, ಮೂರು ಸಲವೂ ಕಳಿಸಲಿಲ್ಲ. ನಾಲ್ಕನೆಯ ಸಲ ಅವರ ಫೋನ್ ಬಂದಾಗ ಎತ್ತಲೇ ಇಲ್ಲ. ಫೋನು ಹೊಡೆದುಕೊಳ್ಳುತ್ತಿತ್ತು, ನಾನು ಅದನ್ನು ನೋಡುತ್ತಾ ಕುಳಿತಿದ್ದೆ. ಆಗ ಅನ್ನಿಸಿತು, ಸಾಧನೆಯ ಬಗ್ಗೆ ಹೇಳಲು ನನಗಿಂತ ಯೋಗ್ಯರು ಈ ಸಭೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಕೆಲಸ ಮುಂದೂಡುವುದರ ಬಗ್ಗೆಯಾದರೆ ನನಗೆ ಒಳ್ಳೆಯ ಅನುಭವ ಇದೆ. ಅದನ್ನೇ ಹೇಳೋಣ ಎಂದು ಆವತ್ತೇ ಕುಳಿತು ಬರೆದೆ.

ನನ್ನ ವಯಸ್ಸಿನವರಿಗೆ, ನನಗಿಂತ ದೊಡ್ಡವರಿಗೆ ನೆನಪಿರಬಹುದು. ನಾವು ಚಿಕ್ಕವರಿದ್ದಾಗ, ತೊಂಬತ್ತರ ದಶಕದಲ್ಲಿ, ನಾಡಿನ ತುಂಬ ಒಂದು ಸುದ್ದಿ ಹಬ್ಬಿತ್ತು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತೆ, ಗುರುತಿನವರ ದನಿಯಲ್ಲೇ ಕೂಗುತ್ತೆ, ಬಾಗಿಲು ತೆಗೆದರೆ ಮುಗಿಯಿತು ಅಂತ. ಅದಕ್ಕೆ ಜನ ಒಂದು ಉಪಾಯ ಕಂಡುಕೊಂಡರು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದು. ದೆವ್ವ ಅದನ್ನು ಓದಿ ವಾಪಸ್ಸು ಹೋಗುತ್ತೆ, ಮರುದಿನ ಬರುತ್ತೆ, ಮತ್ತೆ ಓದುತ್ತೆ, ಮತ್ತೆ ಹೋಗುತ್ತೆ. ನಮ್ಮ ಮನೆ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆದವನು ನಾನೇ. ಅಜ್ಜಿ ಮಾತ್ರ ನಕ್ಕು, “ನಾಳೆ ಬಾ ಅಂತ ನೀನೇ ಕರೆದ ಹಾಗಾಯ್ತಲ್ಲೋ ಮಗ, ಇನ್ನು ದಿನಾ ಬರುತ್ತೆ” ಅಂದಿದ್ದರು. ಆ ಮಾತು ನನಗೆ ಅರ್ಥವಾಗಲು ಹತ್ತು ಹನ್ನೆರಡು ವರ್ಷ ಹಿಡಿಯಿತು.

ಈ ಶಾಲೆಯಲ್ಲಿ ನಾನು ಗಣಿತದಲ್ಲಿ ಜಾಣ ಅನ್ನಿಸಿಕೊಂಡಿದ್ದೆ. ಪಿಯುಸಿ ಮುಗಿಸಿ 2006ರಲ್ಲಿ ಎಂಜಿನಿಯರಿಂಗ್ ಸೇರಿದೆ. ಮೂರನೆಯ ಸೆಮಿಸ್ಟರಿನ ಗಣಿತದ ಪತ್ರಿಕೆಯನ್ನು ನಾವೆಲ್ಲ ಎಂ-ತ್ರೀ ಅನ್ನುತ್ತಿದ್ದೆವು. ಆ ಪತ್ರಿಕೆಯಲ್ಲಿ ಫೇಲಾದೆ. ನೂರಕ್ಕೆ ಇಪ್ಪತ್ತೊಂದು. ಸೈಬರ್ ಸೆಂಟರಿನಲ್ಲಿ ಆ ಅಂಕ ನೋಡಿ, ಪರದೆ ಮುಚ್ಚಿ, ಹದಿನೈದು ರೂಪಾಯಿ ಕೊಟ್ಟು ಎದ್ದು ಬಂದೆ. ಸಂಜೆ ಅಪ್ಪನ ಫೋನ್ ಬಂತು. “ರಿಸಲ್ಟ್ ಬಂತಾ?” “ಬಂತು ಕಣಪ್ಪ, ಎಲ್ಲಾ ಪಾಸು.”

ಫೇಲಾಗುವುದು ದೊಡ್ಡ ವಿಷಯವಲ್ಲ. ನನ್ನ ತರಗತಿಯಲ್ಲಿ ಅರ್ಧದಷ್ಟು ಹುಡುಗರಿಗೆ ಒಂದಲ್ಲ ಒಂದು ಬ್ಯಾಕ್ ಇತ್ತು. ಮುಂದೆ ಒಂದು ವರ್ಷ ನಾನು ಏನು ಮಾಡಿದೆ ಅನ್ನುವುದೇ ವಿಷಯ. ಆ ಪುಸ್ತಕವನ್ನು ಹಾಸ್ಟೆಲ್ಲಿನ ಮಂಚದ ಕೆಳಗೆ ಟ್ರಂಕಿನೊಳಗೆ ಇಟ್ಟೆ. ಮುಂದಿನ ಪರೀಕ್ಷೆಗೆ ದುಡ್ಡು ಕಟ್ಟಿದೆ, ಹಾಲ್ ಟಿಕೆಟ್ ತಂದೆ, ಪರೀಕ್ಷೆಯ ದಿನ ಕಾಲೇಜಿನ ಗೇಟಿನವರೆಗೂ ಹೋಗಿ ತಿರುಗಿ ಬಂದೆ. ಅದರ ಮುಂದಿನ ಸಲ ಗೇಟಿನವರೆಗೂ ಹೋಗಲಿಲ್ಲ. ತಮಾಷೆಯೆಂದರೆ ಆ ವರ್ಷವೆಲ್ಲ ನಾನು ಸೋಮಾರಿಯಾಗಿರಲಿಲ್ಲ. ಬೇರೆ ವಿಷಯಗಳನ್ನು ಚೆನ್ನಾಗಿ ಓದಿದೆ. ಹಾಸ್ಟೆಲ್ ಗಣೇಶೋತ್ಸವದ ಲೆಕ್ಕವನ್ನೆಲ್ಲ ನಾನೇ ಬರೆದೆ. ಗೆಳೆಯರ ರೆಕಾರ್ಡ್ ಪುಸ್ತಕಗಳಿಗೆ ಚಿತ್ರ ಹಾಕಿಕೊಟ್ಟೆ. ಆ ಒಂದು ಟ್ರಂಕ್ ತೆರೆಯುವುದೊಂದನ್ನು ಬಿಟ್ಟು ಎಲ್ಲವನ್ನೂ ಮಾಡಿದೆ. ರಾತ್ರಿ ಮಲಗಿದರೆ ಬೆನ್ನ ಕೆಳಗೆ ಆ ಪುಸ್ತಕ ಇದೆ ಅನ್ನುವುದು ಗೊತ್ತಾಗುತ್ತಿತ್ತು. ಅಪ್ಪನ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎರಡು ಮಾತಾಡಿ ಇಟ್ಟುಬಿಡುತ್ತಿದ್ದೆ.

2009ರ ಯುಗಾದಿಗೆ ಊರಿಗೆ ಬಂದೆ. ಅಪ್ಪ ಕೊಬ್ಬರಿ ಮಾರಿದ ದುಡ್ಡಿನಲ್ಲಿ ನನಗೆ ಹೊಸ ಪ್ಯಾಂಟು ಶರಟು ತಂದಿಟ್ಟಿದ್ದರು. “ಮುಂದಿನ ವರ್ಷ ಕಂಪನಿಯವರು ಬರ್ತಾರಂತಲ್ಲ, ಇಂಟರ್‌ವ್ಯೂಗೆ ಹಾಕ್ಕೊ” ಅಂದರು. ಬ್ಯಾಕ್ ಉಳಿದವರನ್ನು ಆ ಕಂಪನಿಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಮನೆಯಿಂದ ಹೊರಗೆ ಬಂದೆ.

ಕಾಲು ನನ್ನನ್ನು ಗಣಿತದ ಮೇಷ್ಟ್ರ ಮನೆಗೆ ಕರೆದುಕೊಂಡು ಹೋಯಿತು. ಅವರು ಈಗಲೂ ವೇದಿಕೆಯ ಹತ್ತಿರ ಬರಲು ಒಪ್ಪದೆ ಹಿಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಹೆಸರು ಹೇಳಬೇಡ ಎಂದು ಬೆಳಿಗ್ಗೆಯೇ ತಾಕೀತು ಮಾಡಿದ್ದಾರೆ, ಹೇಳುವುದಿಲ್ಲ. ಆವತ್ತು ಜಗಲಿಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

“ಪುಸ್ತಕ ತಂದಿದೀಯೇನೋ?”

“ಬ್ಯಾಗಲ್ಲಿದೆ ಸಾರ್. ಮನೇಲಿ.”

“ಹೋಗಿ ತಗೊಂಡು ಬಾ.”

ತಂದೆ. ಅವರು ಒಂದು ಪುಟ ತೆರೆದು, ಬಿಡಿಸಿಟ್ಟ ಲೆಕ್ಕವೊಂದನ್ನು ತೋರಿಸಿದರು. “ಇದನ್ನ ನೋಡ್ಕೊಂಡು ಬರಿ.”

“ಸಾರ್, ಇದು ನಂಗೆ ಅರ್ಥ ಆಗಲ್ಲ.”

“ಅರ್ಥ ಮಾಡ್ಕೊ ಅಂತ ಯಾರು ಹೇಳಿದ್ರು? ನೋಡ್ಕೊಂಡು ಬರಿ ಅಂದೆ. ಒಂದೇ ಲೆಕ್ಕ. ಬರೆದು ಮನೆಗೆ ಹೋಗು, ಒಬ್ಬಟ್ಟು ತಿನ್ನು.”

ಅದು ಫೋರಿಯರ್ ಸರಣಿಯ ಮೊದಲ ಲೆಕ್ಕ. ಮೊದಲ ಎರಡು ಸಾಲು ಬರೆಯುವಾಗ ಕೈ ಬೆವರುತ್ತಿತ್ತು. ಆ ಲೆಕ್ಕದಲ್ಲಿ ಮೂರು ಬಗೆಯ ಗುಣಾಂಕಗಳನ್ನು ಕಂಡುಹಿಡಿಯಬೇಕು. ನೋಡಿಕೊಂಡು ಬರೆಯುತ್ತಾ ಹೋದ ಹಾಗೆ ಗೊತ್ತಾಯಿತು, ಕೊಟ್ಟಿರುವುದು ಬೆಸ ಫಂಕ್ಷನ್ ಆದ್ದರಿಂದ ಅವುಗಳಲ್ಲಿ ಎರಡು ಬಗೆ ತಾವಾಗಿಯೇ ಸೊನ್ನೆ. ಲೆಕ್ಕ ಮಾಡಬೇಕಾದ್ದು ಒಂದು ಬಗೆಯನ್ನು ಮಾತ್ರ. ಅದೂ ಪಿಯುಸಿಯಲ್ಲಿ ನಾನು ನಿದ್ದೆಗಣ್ಣಲ್ಲಿ ಮಾಡುತ್ತಿದ್ದ ಇಂಟಿಗ್ರೇಷನ್. ಒಂದು ವರ್ಷ ನಾನು ಹೆದರಿ ಓಡಿದ್ದು ಇದಕ್ಕೆ! ಎರಡನೆಯ ಲೆಕ್ಕವನ್ನು ಮೇಷ್ಟ್ರು ಹೇಳದೆಯೇ ಬರೆದೆ. ಅದು ಕಷ್ಟವಿತ್ತು, ತಪ್ಪಾಯಿತು. ಆದರೆ ತಪ್ಪು ಯಾವ ಸಾಲಿನಲ್ಲಿ ಎಂದು ಈಗ ಬೆರಳಿಟ್ಟು ತೋರಿಸಬಹುದಿತ್ತು. ಟ್ರಂಕಿನೊಳಗೆ ಇದ್ದಾಗ ಇಡೀ ಪುಸ್ತಕವೇ ನನಗೆ ಒಂದು ದೊಡ್ಡ ತಪ್ಪಾಗಿ ಕಾಣುತ್ತಿತ್ತು.

ಫೋರಿಯರ್ ಫ್ರಾನ್ಸಿನ ಗಣಿತಜ್ಞ. ಶಾಖ ಹೇಗೆ ಹರಿಯುತ್ತದೆ ಎಂಬುದರ ಮೇಲೆ 1822ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಎಷ್ಟೇ ಅಂಕುಡೊಂಕಾದ ಅಲೆಯನ್ನೂ ಸರಳವಾದ ಚಿಕ್ಕ ಚಿಕ್ಕ ಅಲೆಗಳ ಮೊತ್ತವಾಗಿ ಬರೆಯಬಹುದು ಅನ್ನುವುದು ಅವನ ಆಲೋಚನೆ. ಪರೀಕ್ಷೆಗೆಂದು ಅದನ್ನು ಓದಿದೆ. ಆದರೆ ಅದು ಕೆಲಸ ಮಾಡುವ ರೀತಿಯೂ ಹೌದು ಅನ್ನುವುದನ್ನು ನಮ್ಮ ಮೇಷ್ಟ್ರು ಆ ಜಗಲಿಯ ಮೇಲೆ ತೋರಿಸಿಕೊಟ್ಟರು.

ನಾನು ಏಳುವಾಗ ಮೇಷ್ಟ್ರು ಕೇಳಿದರು. “ಅಪ್ಪಂಗೆ ಗೊತ್ತಾ?”

“ಪಾಸಾದ್ಮೇಲೆ ಹೇಳ್ತೀನಿ ಸಾರ್.”

“ಅದೂ ಟ್ರಂಕೇ ಕಣೋ” ಅಂದರು. ಅಷ್ಟೇ.

ಮನೆಗೆ ಬಂದಾಗ ಅಪ್ಪ ಅಟ್ಟದ ಮೇಲಿದ್ದರು. ನಮ್ಮ ಕಡೆ ಕೊಬ್ಬರಿ ಮಾಡುವುದು ನಿಮಗೆಲ್ಲ ಗೊತ್ತೇ ಇದೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಗಡಗಡ ಅನ್ನುತ್ತೆ. ಆಮೇಲೆ ಸುಲಿದು, ಒಡೆದು, ತಿಪಟೂರಿಗೆ ಒಯ್ಯುವುದು. ಅಪ್ಪ ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಏಣಿ ಹತ್ತಿ, ಕತ್ತಲೆಯಲ್ಲಿ ಅವರ ಮುಖ ಕಾಣದ ಕಡೆ ಕುಳಿತು ಹೇಳಿದೆ. ಕೈಯಲ್ಲಿದ್ದ ಕಾಯಿಯನ್ನು ಅಪ್ಪ ಕೆಳಗಿಟ್ಟರು.

“ಫೇಲಾದ್ದು ಹೋಗ್ಲಿ. ಒಂದು ವರ್ಷದಿಂದ ಫೋನ್ ಮಾಡಿದ್ರೆ ಎರಡು ಮಾತಾಡಿ ಇಟ್ಟುಬಿಡ್ತಿದ್ದೆ. ಓದಿದ ಮೇಲೆ ನಮ್ಮ ಜೊತೆ ಮಾತು ಬೇಡವಾಯ್ತೇನೋ ಅಂತ ನಿಮ್ಮವ್ವನೂ ನಾನೂ ಅಂದ್ಕೊಂಡಿದ್ವಿ.”

ಇದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬೈದಾರು, ಓದು ಬಿಡಿಸಿಯಾರು ಎಂದೆಲ್ಲ ಹೆದರಿದ್ದೆ. ನಾನು ಹೆದರಿದ್ದು ಯಾವುದೂ ಆಗಲಿಲ್ಲ. ನನಗೆ ಗೊತ್ತಿಲ್ಲದ ಹಾಗೆ ಬೇರೆ ಒಂದು ಆಗಿಹೋಗಿತ್ತು. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಸ್ಸಿಗೆ ಬಿಡಲು ಬಂದವರು, ಬಸ್ಸು ಹೊರಟ ಮೇಲೆ ಕಿಟಕಿಯ ಪಕ್ಕ ನಡೆಯುತ್ತಾ “ಪರೀಕ್ಷೆ ಯಾವತ್ತು?” ಎಂದು ಕೇಳಿದರು.

ನಲವತ್ಮೂರು ಅಂಕ ಬಂತು. ಪಾಸು. ಆದರೆ ಫಲಿತಾಂಶ ಬರುವಷ್ಟರಲ್ಲಿ ಎರಡು ಕಂಪನಿಗಳು ಬಂದು ಹೋಗಿದ್ದವು. ನನ್ನ ಗೆಳೆಯರಿಗಿಂತ ಎಂಟು ತಿಂಗಳು ತಡವಾಗಿ ನನಗೆ ಕೆಲಸ ಸಿಕ್ಕಿತು. ತಡ ಮಾಡಿದ್ದಕ್ಕೆ ಬೆಲೆ ಕೊಡಲೇಬೇಕು, ಕೊಟ್ಟೆ.

ಅಟ್ಟದ ಮೇಲಿಟ್ಟರೆ ಕೊಬ್ಬರಿ ಹಗುರವಾಗುತ್ತೆ, ಬೆಲೆ ಬರುತ್ತೆ. ಕೆಲಸವನ್ನು ಅಟ್ಟದ ಮೇಲಿಟ್ಟರೆ ಭಾರವಾಗುತ್ತೆ. ಯಾಕೆ ಹಾಗೆ? ಕೆನಡಾದ ಟಿಮೊತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಾನುಗಟ್ಟಲೆ ಇದೇ ವಿಷಯವನ್ನು ಅಭ್ಯಾಸ ಮಾಡಿದವರು. ಮುಂದೂಡುವುದು ವೇಳಾಪಟ್ಟಿಯ ಸಮಸ್ಯೆಯಲ್ಲ, ಭಾವನೆಯ ಸಮಸ್ಯೆ ಅನ್ನುವುದು ಅವರ ಮಾತಿನ ಸಾರ. ಕೆಲಸ ನೆನೆದರೆ ಭಯವಾಗುತ್ತೆ. ‘ನಾಳೆ ಮಾಡೋಣ’ ಅಂದ ತಕ್ಷಣ ಆ ಭಯ ಇಳಿಯುತ್ತೆ, ಹಾಯ್ ಅನಿಸುತ್ತೆ. ಮನಸ್ಸು ಆ ಹಾಯನ್ನು ನೆನಪಿಟ್ಟುಕೊಳ್ಳುತ್ತೆ. ಮುಂದಿನ ಸಲ ಭಯವಾದಾಗ ಅದೇ ಮದ್ದು ಕೇಳುತ್ತೆ. ಈ ನಡುವೆ ದಿನ ಕಳೆದಿರುವುದರಿಂದ ಭಯವೂ ಬೆಳೆದಿರುತ್ತೆ. ಹೀಗಾಗಿ ಮುಂದೂಡುವವರನ್ನೆಲ್ಲ ಸೋಮಾರಿಗಳು ಎಂದು ಬೈದು ಪ್ರಯೋಜನವಿಲ್ಲ. ಶಿಕ್ಷಕರಲ್ಲಿ, ತಂದೆತಾಯಿಗಳಲ್ಲಿ ನನ್ನ ವಿನಂತಿ ಇದು. ಹೋಂವರ್ಕ್ ತರದ ಮಗುವಿಗೆ ‘ಯಾಕೆ ಮಾಡಲಿಲ್ಲ’ ಎಂದು ಕೇಳುವುದರ ಜೊತೆಗೆ ‘ಯಾವ ಲೆಕ್ಕ ನೋಡಿದರೆ ಹೆದರಿಕೆ’ ಎಂದೂ ಕೇಳಿ.

ಈಗ ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ, ಪರೀಕ್ಷೆಗೆ ಇಟ್ಟಿದ್ದ ಸರ್ವರ್ ಎಂದುಕೊಂಡು ಗ್ರಾಹಕರು ಬಳಸುತ್ತಿದ್ದ ಸರ್ವರಿನಲ್ಲೇ ಒಂದಷ್ಟು ಮಾಹಿತಿ ಅಳಿಸಿಬಿಟ್ಟೆ. ಯಾರಿಗೂ ಗೊತ್ತಾಗಲಿಕ್ಕಿಲ್ಲ, ಊಟ ಮಾಡಿ ಬಂದು ನೋಡೋಣ, ಎಂದಿತು ಮನಸ್ಸು. ಟ್ರಂಕ್ ನೆನಪಾಯಿತು. ಎದ್ದು ಹೋಗಿ ಮ್ಯಾನೇಜರಿಗೆ ಹೇಳಿದೆ. ಬೈಸಿಕೊಂಡೆ. ಹಿಂದಿನ ರಾತ್ರಿಯ ಬ್ಯಾಕಪ್ಪಿನಿಂದ ಮಾಹಿತಿ ವಾಪಸ್ಸು ತಂದೆವು, ಆವತ್ತು ಬೆಳಗಿನದನ್ನು ಕೈಯಲ್ಲೇ ಸೇರಿಸಿದೆವು. ಸಂಜೆಯವರೆಗೆ ಮುಚ್ಚಿಟ್ಟಿದ್ದರೆ ಕೈಯಲ್ಲಿ ಸೇರಿಸಬೇಕಾದ್ದು ಎಷ್ಟೋ ಪಟ್ಟು ಬೆಳೆದಿರುತ್ತಿತ್ತು.

ಮಕ್ಕಳೆ, ನಾನು ಮಾಡುವುದು ಇಷ್ಟೇ. ಬೆಳಿಗ್ಗೆ ಎದ್ದು ‘ಇವತ್ತು ನನಗೆ ಯಾವುದಕ್ಕೆ ಹೆದರಿಕೆ’ ಎಂದು ಕೇಳಿಕೊಂಡು ಅದನ್ನು ಚೀಟಿಯಲ್ಲಿ ಬರೆಯುತ್ತೇನೆ. ಅದರಲ್ಲಿ ಹತ್ತು ನಿಮಿಷಕ್ಕೆ ಆಗುವ ಒಂದು ತುಂಡನ್ನು ಆರಿಸುತ್ತೇನೆ. ಯಾವಾಗ, ಎಲ್ಲಿ ಅನ್ನುವುದನ್ನೂ ಬರೆಯುತ್ತೇನೆ. ‘ಗಣಿತ ಓದುತ್ತೇನೆ’ ಅಂತ ಅಲ್ಲ. ‘ಕಾಫಿ ಕುಡಿದ ಮೇಲೆ ಕಿಟಕಿ ಪಕ್ಕ ಕುಳಿತು ಮೂರನೆಯ ಲೆಕ್ಕ ನೋಡಿಕೊಂಡು ಬರೆಯುತ್ತೇನೆ’ ಅಂತ. ಭಯ ಹೋಗಲಿ, ಆಮೇಲೆ ಶುರು ಮಾಡೋಣ ಎಂದು ಕಾಯಬೇಡಿ. ಶುರು ಮಾಡಿದ ಮೇಲೆಯೇ ಅದು ಇಳಿಯುವುದು. ಈಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಬಿದ್ದವರಿಗೆ ಇದು ದೊಡ್ಡ ಆಸರೆ. ಆದರೆ ‘ಒಂದು ಹೋದರೆ ಇನ್ನೊಂದು ಇದೆ’ ಎಂದು ಪರೀಕ್ಷೆ-1ರ ಮುಂಚೆಯೇ ಬಾಗಿಲ ಮೇಲೆ ‘ನಾಳೆ ಬಾ’ ಬರೆಯಬೇಡಿ.

ದೊಡ್ಡವರಾದ ನಮಗೂ ಟ್ರಂಕುಗಳಿವೆ. ತಂದೆ ತೀರಿ ಹತ್ತು ವರ್ಷವಾದರೂ ಮಾಡಿಸದ ಪೌತಿ ಖಾತೆ. ಏನು ಹೇಳುತ್ತಾರೋ ಎಂದು ಹೆದರಿ ಬಿ.ಪಿ., ಸಕ್ಕರೆ ನೋಡಿಸದೇ ಇರುವುದು. ಅಣ್ಣತಮ್ಮಂದಿರ ನಡುವೆ ಒಂದು ಮಾತಿಗೆ ನಿಂತುಹೋದ ಮಾತುಕತೆ. ಖಾತೆಗೆ ಮೊದಲು ಬೇಕಾದ್ದು ಒಂದು ಮರಣ ಪ್ರಮಾಣಪತ್ರ. ನಾಳೆ ಅದೊಂದನ್ನು ಹುಡುಕಿಟ್ಟರೂ ಸಾಕು.

ಇನ್ನೊಂದು ಮಾತು. ಕೆಲವರ ಭಯ ಇಂಥ ಉಪಾಯಕ್ಕೆ ಬಗ್ಗುವುದಿಲ್ಲ. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುವಂತಿದ್ದರೆ ಅದು ಮನಸ್ಸಿನ ದೌರ್ಬಲ್ಯವಲ್ಲ, ಆರೋಗ್ಯದ ವಿಷಯ. ಮನೆಯವರಿಗೆ, ಶಿಕ್ಷಕರಿಗೆ ಹೇಳಿ, ವೈದ್ಯರನ್ನು ಕಾಣಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ ಶುರು ಮಾಡಿದೆ. ಸಂಖ್ಯೆ 14416. ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೆ, ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಡಿ.

ಅಪ್ಪ ಈಗ ಅಟ್ಟ ಹತ್ತುವುದಿಲ್ಲ, ಮೊಣಕಾಲು ನೋವು. ದಿನಾ ಸಂಜೆ ನಾನೇ ಫೋನ್ ಮಾಡುತ್ತೇನೆ. ಅರ್ಧ ಗಂಟೆ ಮಾತಾಡುತ್ತೇವೆ, ಬಹುಪಾಲು ಕೊಬ್ಬರಿ ಧಾರಣೆಯ ವಿಷಯ. ಆ ಒಂದು ವರ್ಷದ ಮಾತುಗಳನ್ನು ಮಾತ್ರ ವಾಪಸ್ಸು ತರಲು ಯಾವ ಬ್ಯಾಕಪ್ಪೂ ಇಲ್ಲ.

ಇವತ್ತು ಮನೆಗೆ ಹೋದವರು ನಿಮ್ಮ ನಿಮ್ಮ ಟ್ರಂಕಿನ ಮುಚ್ಚಳ ಒಂದು ಸಲ ಎತ್ತಿ ನೋಡಿ. ಒಂದೇ ಲೆಕ್ಕ ಬರೆಯಿರಿ, ಆಮೇಲೆ ಊಟ ಮಾಡಿ.