ಹಳೆಯ ಕಂಪ್ಯೂಟರುಗಳಲ್ಲಿ ಹೊಸ ಸಂಸಾರ ಹೂಡಿದ ಬಗೆ

(ಸುವರ್ಣ ಮಹೋತ್ಸವದ ಅಂಗವಾಗಿ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ಶಿಕ್ಷಣ’ ಎಂದು ಅಚ್ಚಾಗಿದೆ. ಅಷ್ಟು ಭಾರದ ವಿಷಯ ಹೊರುವ ಶಕ್ತಿ ನನಗಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಕಂಪ್ಯೂಟರ್ ರಿಪೇರಿ ಮಾಡಿ ಬದುಕುವವನು ನಾನು. ಈ ಕೊಠಡಿಯ ಹತ್ತು ಯಂತ್ರಗಳಿಗೆ ಕಳೆದ ಎರಡು ತಿಂಗಳ ಭಾನುವಾರಗಳಲ್ಲಿ ಏನು ಮಾಡಿದೆವು ಎಂಬುದನ್ನಷ್ಟೇ ಹೇಳುತ್ತೇನೆ. ನಾಳೆ ಇವನ್ನು ನೋಡಿಕೊಳ್ಳಬೇಕಾದವರು ಇಲ್ಲಿನ ಶಿಕ್ಷಕರು. ಅವರಿಗೆ ಗೊತ್ತಿರಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಕೊನೆಗೆ ಹೇಳುತ್ತೇನೆ, ಅದು ನಿಮ್ಮೆಲ್ಲರಿಗೂ ಸೇರಿದ್ದು.

ಈ ಯಂತ್ರಗಳಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದರೆ ಮಾರನೆಯ ದಿನ ಕಂಪ್ಯೂಟರ್ ನಿಂತುಹೋಗುತ್ತದೆ ಎಂದಲ್ಲ. ಮನೆಯ ಹೆಂಚು ಒಡೆದರೆ ಬದಲಿಸುವವರು ಇನ್ನು ಬರುವುದಿಲ್ಲ ಎಂದರ್ಥ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಅಂಗ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಎಂಟನೆಯ ಪೀಳಿಗೆಯದೋ ಅದರ ನಂತರದ್ದೋ ಇರಬೇಕು. ನಮ್ಮವು ಅದಕ್ಕಿಂತ ಹಳೆಯವು, 4 ಜಿ.ಬಿ. ಮೆಮೊರಿಯವು. ಹತ್ತು ಹೊಸ ಯಂತ್ರ ಕೊಳ್ಳುವಷ್ಟು ಹಣ ಸಂಘದ ಹತ್ತಿರ ಇಲ್ಲ. ಇದ್ದದ್ದು ಶೌಚಾಲಯದ ರಿಪೇರಿಗೆ ಹೋಯಿತು, ಅದೇ ಸರಿ ಕೂಡ.

ಹೀಗಾಗಿ ಲಿನಕ್ಸ್ ಹಾಕಿದೆವು. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು, ಆಮೇಲೆ ಸಾವಿರಾರು ಜನ ಸೇರಿ ಬೆಳೆಸಿದ್ದು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು. ‘ಸುಮ್ಮನೆ ಸಿಗುವುದು ಗಟ್ಟಿ ಇರುತ್ತದೆಯೇ’ ಎಂದು ಒಬ್ಬ ಪೋಷಕರು ಕೇಳಿದರು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಎಷ್ಟೋ ವರ್ಷಗಳಿಂದ ಇದರಲ್ಲೇ ಕಲಿಯುತ್ತಿದ್ದಾರೆ. ನಾವು ಆರಿಸಿದ್ದು ಲಿನಕ್ಸ್ ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ರೂಪ. ಅದಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆ ಸಿಗುತ್ತದೆ.

ಹಾಕುವುದು ದೊಡ್ಡ ಕೆಲಸವಲ್ಲ. ಪೆನ್‌ಡ್ರೈವ್ ಚುಚ್ಚಿ, ನಾಲ್ಕಾರು ಪ್ರಶ್ನೆಗೆ ಉತ್ತರ ಕೊಟ್ಟು ಟೀ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ. ಗೃಹಪ್ರವೇಶದ ಹಾಗೆ. ಹಾಲು ಉಕ್ಕಿಸಿ, ನೆಂಟರಿಗೆ ಊಟ ಹಾಕಿ ಕಳಿಸಿದ್ದಾಯಿತು. ಮಾರನೆಯ ಬೆಳಿಗ್ಗೆ ನೋಡಿದರೆ ಉಪ್ಪಿನ ಡಬ್ಬಿ ಎಲ್ಲಿ, ನಲ್ಲಿ ಯಾಕೆ ಸೋರುತ್ತಿದೆ, ಬಟ್ಟೆ ಒಣಹಾಕಲು ಹಗ್ಗವೇ ಇಲ್ಲ! ನಿಜವಾದ ಕೆಲಸ ಅಲ್ಲಿಂದ ಶುರು.

ಹಳೆಯದನ್ನು ಅಳಿಸುವ ಮೊದಲೇ ಪ್ರತಿ ಯಂತ್ರದ ಕಡತಗಳನ್ನು ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿಕೊಂಡಿದ್ದೆವು. ಒಂದು ಈಗ ಶಾಲೆಯ ಬೀರುವಿನಲ್ಲಿದೆ, ಇನ್ನೊಂದು ನನ್ನ ಮನೆಯಲ್ಲಿ. ಒಂದೇ ಕಡೆ ಎರಡು ಇಟ್ಟರೆ ಅದು ಒಂದೇ ಲೆಕ್ಕ.

ಮೊದಲ ತೊಡಕು ಗಡಿಯಾರದ್ದು. ಮೂರು ಯಂತ್ರಗಳಲ್ಲಿ ಇಂಟರ್‌ನೆಟ್ ಸಂಪರ್ಕ ಇದೆ, ಆದರೆ ಯಾವ ತಾಣ ತೆರೆದರೂ ‘ಈ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಹುಡುಗರು ವೈರಸ್ ಎಂದರು. ಮೂಲೆಯಲ್ಲಿ ತಾರೀಖು ನೋಡಿದರೆ ಎಷ್ಟೋ ವರ್ಷ ಹಿಂದಿನದು. ಮದರ್‌ಬೋರ್ಡಿನಲ್ಲಿ ನಾಣ್ಯದ ಗಾತ್ರದ 3 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಹಳೆಯ ಕಾಲಕ್ಕೆ ಹೋಗಿ ಕೂರುತ್ತದೆ. ತಾಣಗಳ ಗುರುತುಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲ, ಹಾಗಾಗಿ ಅದು ನಂಬುವುದಿಲ್ಲ. ಬ್ಯಾಟರಿ ಬದಲಿಸಿದೆವು, ಕಾಲವಲಯವನ್ನು ಭಾರತಕ್ಕೆ ಇಟ್ಟೆವು, ‘ವೈರಸ್’ ಹೋಯಿತು. ಶಿಕ್ಷಕರು ದಯವಿಟ್ಟು ಇದೊಂದನ್ನು ನೆನಪಿಡಿ. ಕೆಲವೇ ರೂಪಾಯಿಯ ಈ ಬಿಲ್ಲೆಗಾಗಿ ಇಡೀ ಕಂಪ್ಯೂಟರನ್ನೇ ಗುಜರಿಗೆ ಹಾಕಿದ್ದನ್ನು ನಾನು ನೋಡಿದ್ದೇನೆ.

ಆಮೇಲೆ ಪರಿಷ್ಕರಣೆ. ಪೆನ್‌ಡ್ರೈವಿನಲ್ಲಿರುವ ಪ್ರತಿ ತಯಾರಾದ ದಿನದಿಂದ ಇಂದಿನವರೆಗೆ ಬಂದ ದುರಸ್ತಿಗಳನ್ನೆಲ್ಲ ಇಳಿಸಿಕೊಳ್ಳಬೇಕು. ಹತ್ತು ಯಂತ್ರ ಒಟ್ಟಿಗೆ ಎಳೆದರೆ ನಮ್ಮ ಸಂಪರ್ಕ ತಡೆಯದು, ಆದ್ದರಿಂದ ಒಂದೊಂದಾಗಿ ಮಾಡಿದೆವು. ಮಧ್ಯೆ ಕರೆಂಟ್ ಹೋಗಬಾರದಲ್ಲ, ಯು.ಪಿ.ಎಸ್. ಇರುವ ಮೂಲೆಗೆ ಸರದಿಯಂತೆ ಹೊತ್ತು ತಂದು ಮಾಡಿದ್ದು. ಹೊತ್ತವರು ಹತ್ತನೆಯ ತರಗತಿಯ ಮಕ್ಕಳು.

ಪ್ರತಿ ಯಂತ್ರದಲ್ಲಿ ಎರಡು ಖಾತೆ ಮಾಡಿದ್ದೇವೆ. ಒಂದು ಮೇಲ್ವಿಚಾರಕರದು, ಅದರ ಪಾಸ್‌ವರ್ಡ್ ಲಕೋಟೆಯಲ್ಲಿ ಮುಖ್ಯೋಪಾಧ್ಯಾಯರ ಬಳಿ ಇದೆ. ಇನ್ನೊಂದು ಮಕ್ಕಳದು. ಮಕ್ಕಳ ಖಾತೆಯಿಂದ ಬರೆಯಬಹುದು, ಚಿತ್ರ ಬಿಡಿಸಬಹುದು, ಆದರೆ ಕಂಪ್ಯೂಟರಿನ ಒಳಗಿನ ವ್ಯವಸ್ಥೆ ಕೆಡಿಸಲು ಬರುವುದಿಲ್ಲ. ಕೊಠಡಿಗೆ ಇಷ್ಟು ವರ್ಷ ಬೀಗ ಬಿದ್ದದ್ದೇ ‘ಮಕ್ಕಳು ಹಾಳುಮಾಡುತ್ತಾರೆ’ ಎಂಬ ಭಯದಿಂದ. ಇನ್ನು ಆ ಭಯ ಬೇಡ. ಜೊತೆಗೆ ಟೈಮ್‌ಶಿಫ್ಟ್ ಎಂಬ ತಂತ್ರಾಂಶ ವಾರಕ್ಕೊಮ್ಮೆ ವ್ಯವಸ್ಥೆಯ ಪ್ರತಿ ತೆಗೆದಿಡುವಂತೆ ಮಾಡಿದ್ದೇವೆ. ಏನಾದರೂ ಎಡವಟ್ಟಾದರೆ ಕಳೆದ ವಾರದ ಸ್ಥಿತಿಗೆ ಹಿಂದಿರುಗಿಸಬಹುದು. ಆದರೆ ಅದು ಉಳಿಸುವುದು ವ್ಯವಸ್ಥೆಯನ್ನು ಮಾತ್ರ, ನೀವು ಬರೆದ ಪಾಠವನ್ನಲ್ಲ. ಪಾಠಕ್ಕೆ ಬೇರೆ ನಕಲು ಬೇಕು.

ಪ್ರಿಂಟರ್ ತಾನಾಗಿ ಗುರುತು ಹಿಡಿಯಿತು. ಪ್ರೊಜೆಕ್ಟರ್ ಕೂಡ. ಸ್ಪೀಕರ್ ಎರಡು ಸತ್ತಿದ್ದವು, ಅದಕ್ಕೆ ಲಿನಕ್ಸ್ ಏನೂ ಮಾಡಲಾರದು.

ಈಗ ಕನ್ನಡದ ವಿಷಯ. ಕನ್ನಡ ಬರೆಯಲು ಬಾರದ ಕಂಪ್ಯೂಟರ್ ಕನ್ನಡ ಶಾಲೆಯಲ್ಲಿ ಯಾಕಿರಬೇಕು ಎಂಬುದು ನನ್ನ ಅಭಿಪ್ರಾಯ, ಸ್ವಲ್ಪ ಖಾರವಾಯಿತೇನೋ. ಹೊಸ ವ್ಯವಸ್ಥೆಯಲ್ಲಿ ಕನ್ನಡ ಓದಲು ತೊಂದರೆಯಿಲ್ಲ. ನೋಡಲು ಚಂದವಿರಲಿ ಎಂದು ಗುಬ್ಬಿ, ನವಿಲು ಎಂಬ ಫಾಂಟುಗಳನ್ನೂ ಹಾಕಿದ್ದೇವೆ. ಹೆಸರು ಕೇಳಿಯೇ ಮಕ್ಕಳಿಗೆ ಖುಷಿಯಾಯಿತು. ಬರೆಯಲು ಕೀಲಿಮಣೆಯ ವಿನ್ಯಾಸ ಸೇರಿಸಬೇಕು. ನಮ್ಮ ಶಿಕ್ಷಕರ ಬೆರಳಿಗೆ ಪಳಗಿರುವುದು ನುಡಿಯ ವಿನ್ಯಾಸ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ್ದು. ಲಿನಕ್ಸಿನ ಪಟ್ಟಿಯಲ್ಲಿ ಅದು ‘ಕಗಪ’ ಎಂಬ ಹೆಸರಿನಲ್ಲಿದೆ. ಅದನ್ನು ಆರಿಸಿದ ಮೇಲೆ ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ‘ಕನ್ನಡ’ ಬರುತ್ತದೆ. ನಡುವಿನ ಎಫ್ ಒತ್ತಕ್ಷರ ಜೋಡಿಸುವ ಕೀಲಿ. ಇಪ್ಪತ್ತು ವರ್ಷ ನುಡಿಯಲ್ಲಿ ಪ್ರಶ್ನೆಪತ್ರಿಕೆ ಬೆರಳಚ್ಚು ಮಾಡಿದ ನಮ್ಮ ಕನ್ನಡ ಮೇಷ್ಟ್ರು ಒಂದು ಸಾಲು ಹೊಡೆದು ನೋಡಿ, ‘ಊರು ಬದಲಾದರೂ ದಾರಿ ಅದೇ ಇದೆಯಲ್ಲ’ ಎಂದರು.

ಮೇಷ್ಟ್ರ ಮುಖದ ನಗು ಹಳೆಯ ಕಡತ ತೆರೆದಾಗ ಮಾಯವಾಯಿತು. ಆ ಕಡತ ಯಾವುದು ಎಂದರೆ, ನಮ್ಮ ಶಾಲೆಯ ದಾಖಲಾತಿ ಪುಸ್ತಕದಿಂದ ಹೆಸರುಗಳನ್ನು ಎತ್ತಿ ಹಿಂದೆ ಒಬ್ಬ ಗುಮಾಸ್ತರು ಸಂಜೆ ಕುಳಿತು ಟೈಪ್ ಮಾಡಿಟ್ಟಿದ್ದ ವಿದ್ಯಾರ್ಥಿಗಳ ಪಟ್ಟಿ. ಯಾರೂ ಮಾಡು ಎಂದಿರಲಿಲ್ಲವಂತೆ, ತಾವಾಗಿ ಮಾಡಿದ್ದು. 1975ರಿಂದ 1983ರವರೆಗಿನ ಪುಸ್ತಕವನ್ನು ಆಮೇಲೆ ಗೆದ್ದಲು ತಿಂದಿತು. ಹೀಗಾಗಿ ಮೊದಲ ತಂಡಗಳ ಹೆಸರು ಉಳಿದಿರುವುದು ಆ ಕಡತವೊಂದರಲ್ಲೇ. ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಗೀರು. ‘ನ’ ಇರಬೇಕಾದ ಕಡೆಯೆಲ್ಲ ಬ್ರಿಟನ್ನಿನ ಪೌಂಡಿನ ಗುರುತು!

ಕಡತ ಕೆಟ್ಟಿರಲಿಲ್ಲ. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಕನ್ನಡವೇ ಇರುತ್ತಿರಲಿಲ್ಲ. ಇಂಗ್ಲಿಷಿನ ಸಂಕೇತಗಳನ್ನೇ ಇಟ್ಟು, ಅವುಗಳ ಮೇಲೆ ಕನ್ನಡ ಅಕ್ಷರದ ಚೂರುಗಳ ಚಿತ್ರ ಅಂಟಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ, ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಮನೆ ನಂಬರುಗಳಿವೆ. ‘ಅ’ 3205, ‘ಕ’ 3221. ಜಪಾನಿನ ಫೋನಿನಲ್ಲೂ 3221 ಎಂದರೆ ‘ಕ’ ಎಂದೇ ಅರ್ಥ.

ಹಳೆಯ ಫಾಂಟನ್ನೇ ತಂದು ಹಾಕಿದರೆ ಪಟ್ಟಿ ಕಣ್ಣಿಗೇನೋ ಕನ್ನಡವಾಗಿ ಕಾಣುತ್ತದೆ. ಹಾಗೆ ಮಾಡಿ ಕೈತೊಳೆದುಕೊಳ್ಳೋಣ ಎಂದವರೂ ಇದ್ದರು. ಆದರೆ ಆಗ ಹೆಸರು ಹುಡುಕಲು ಬಾರದು, ಅಕಾರಾದಿಯಾಗಿ ಜೋಡಿಸಲು ಬಾರದು, ಫೋನಿಗೆ ಕಳಿಸಿದರೆ ಮತ್ತೆ ಪೌಂಡು. ಆದ್ದರಿಂದ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಿದೆವು. ಅಲ್ಲೂ ಅರ್ಕಾವತ್ತು ಕಾಡಿತು. ಹಳೆಯ ಕ್ರಮದಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಮುಂದಿನ ಅಕ್ಷರ ಆದ ಮೇಲೆ ಇಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರದಂತೆ ಮೊದಲು ರಕಾರ ಬರಬೇಕು. ಯಂತ್ರ ಎಲ್ಲೋ ತಪ್ಪಿದರೆ ‘ಪಾರ್ವತಿ’ ಹೋಗಿ ‘ಪಾವರ್ತಿ’ ಆಗುತ್ತಾಳೆ. ಇಂಥವನ್ನು ಕಣ್ಣಿಟ್ಟು ಓದಿಯೇ ತಿದ್ದಬೇಕು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಕುಳಿತು, ಒಬ್ಬರು ಓದುತ್ತ ಒಬ್ಬರು ತಿದ್ದುತ್ತ ಬಂದರು. ಒಬ್ಬ ಹುಡುಗಿ ಪಟ್ಟಿಯ ನಡುವೆ ತನ್ನ ಅಜ್ಜನ ಹೆಸರು ಸಿಕ್ಕಿತೆಂದು ಎದ್ದು ನಿಂತಳು. ಅಜ್ಜ ಈ ಶಾಲೆಗೆ ಬಂದಿದ್ದರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಮಕ್ಕಳಿಗಾಗಿ ಹಾಕಿದ್ದನ್ನು ಬೇಗ ಹೇಳಿಬಿಡುತ್ತೇನೆ. ಗಣಿತಕ್ಕೆ ಜಿಯೋಜೀಬ್ರಾ, ಚಿತ್ರಕ್ಕೆ ಟಕ್ಸ್ ಪೇಂಟ್, ಇಂಟರ್‌ನೆಟ್ ಇಲ್ಲದಾಗಲೂ ವಿಕಿಪೀಡಿಯ ಓದಲು ಕಿವಿಕ್ಸ್, ಆಕಾಶ ನೋಡಲು ಸ್ಟೆಲೇರಿಯಂ. ಸ್ಟೆಲೇರಿಯಂನಲ್ಲಿ ನಮ್ಮ ಊರಿನ ಅಕ್ಷಾಂಶ ರೇಖಾಂಶ ಕೊಟ್ಟಿದ್ದೇವೆ. ಡಿಸೆಂಬರ್ ಸಂಜೆ ಪೂರ್ವದಲ್ಲಿ ಕೃತ್ತಿಕೆ, ಅದರ ಕೆಳಗೆ ಕೆಂಪಗೆ ರೋಹಿಣಿ. ಪರದೆಯ ಮೇಲೆ ನೋಡಿ, ಹೊರಗೆ ಧ್ವಜಸ್ತಂಭದ ಹತ್ತಿರ ಹೋಗಿ ತಲೆಯೆತ್ತಿ ಹೊಂದಿಸಿಕೊಳ್ಳಬಹುದು. ಮಳೆ ಲೆಕ್ಕಕ್ಕೆ ಈ ಹೆಸರು ಬಳಸುವ ಹಿರಿಯರು ಒಮ್ಮೆ ಬಂದು ಮಕ್ಕಳ ಜೊತೆ ಕುಳಿತರೆ ಚೆನ್ನ.

ಕಚೇರಿಯ ಒಂದು ಯಂತ್ರವನ್ನು ನಾವು ಮುಟ್ಟಿಲ್ಲ. ಅದು ಹೊಸದು, ವಿಂಡೋಸ್ 11 ಇದೆ, ಇಲಾಖೆಯ ಕೆಲಸ ಅದರಲ್ಲಿ ನಡೆಯುತ್ತಿದೆ. ನಡೆಯುತ್ತಿರುವುದನ್ನು ಕೆದಕಬಾರದು.

ಆಗಲೇ ಹೇಳಿದ ಇನ್ನೊಂದು ಕಾರಣ ಇದು. ತಿದ್ದಿದ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ವರ್ಷವಾರು ಜೋಡಿಸಿ ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇವೆ. ಪಕ್ಕದಲ್ಲಿ ಕೆಂಪು ಪೆನ್ನು ಇದೆ. 1984ರ ನಂತರದವರ ಹೆಸರನ್ನು ಪುಸ್ತಕ ನೋಡಿ ಸರಿಪಡಿಸಬಹುದು. ಅದಕ್ಕೆ ಮೊದಲಿನವರ ಹೆಸರು ಸರಿಯೇ ಎಂದು ಹೇಳಬಲ್ಲವರು ನೀವು ಮಾತ್ರ. ನಿಮ್ಮ ಹೆಸರು, ಪಕ್ಕದಲ್ಲಿ ಕೂರುತ್ತಿದ್ದವರ ಹೆಸರು, ಇಂದು ಬರಲಾಗದವರ ಹೆಸರು ನೋಡಿ, ತಪ್ಪಿದ್ದರೆ ಗುರುತು ಹಾಕಿ. ಬಿಟ್ಟುಹೋಗಿದ್ದರೆ ಕೊನೆಯ ಖಾಲಿ ಹಾಳೆಯಲ್ಲಿ ಬರೆಯಿರಿ. ಕನ್ನಡಕ ಮರೆತು ಬಂದವರಿಗೆ ಓದಿ ಹೇಳಲು ಒಂಬತ್ತನೆಯ ತರಗತಿಯ ಮಕ್ಕಳು ಅಲ್ಲೇ ನಿಂತಿದ್ದಾರೆ. ಊಟದ ಗಂಟೆ ಹೊಡೆಯುವವರೆಗೆ ಕೊಠಡಿ ತೆರೆದಿರುತ್ತದೆ.