ಹಿತ್ತಲಿನಲ್ಲಿ ಮೊಳೆತ ಆಲೂಗೆಡ್ಡೆಯ ಬೇಸಾಯ



ಅಡುಗೆಮನೆಯ ಮೂಲೆಯಲ್ಲಿ ಬಹುದಿನವಿದ್ದ ಆಲೂಗೆಡ್ಡೆಯು ತಾನಾಗಿಯೇ ಮೊಳೆಯುವುದು ಸರ್ವರೂ ಕಂಡ ವಿಷಯ. ಅಂಥದನ್ನು ಕೆಲವರು ತಿಪ್ಪೆಗೆ ಎಸೆಯುವರು. ಕೆಲವರು ಮೊಳಕೆ ಚಿವುಟಿ ಹುಳಿಗೆ ಹಾಕುವರು. ಕೆಲವರು ಹಿತ್ತಲಿನಲ್ಲಿ ಊರುವರು. ಊರುವುದೇ ಮೇಲು. ಆದರೆ ಮೊಳೆತ ಗೆಡ್ಡೆಯೆಲ್ಲವೂ ಬಿತ್ತನೆಯ ಗೆಡ್ಡೆಯಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು.

ಯಡಿಯೂರು ಹಿಂದೆ ಬೆಂಗಳೂರಿನ ಹೊರಗಣ ಹಳ್ಳಿ. ಈಗ ಊರು ನಗರದೊಳಗೆ ಸೇರಿದೆ. ಕೆರೆ ಉಳಿದಿದೆ, ಹೊಲಗಳು ಉಳಿದಿಲ್ಲ. ಆದರೂ ಹಿತ್ತಲುಳ್ಳವರಿಗೆ ಈ ಬೇಸಾಯವು ಅಸಾಧ್ಯವಲ್ಲ. ಈ ಸೀಮೆಯು ಸುಮಾರು ೩೦೦೦ ಅಡಿ ಎತ್ತರದಲ್ಲಿರುವುದರಿಂದ ಕಾರ್ತಿಕ ಮಾಸದಿಂದ ಪುಷ್ಯದವರೆಗೆ ರಾತ್ರಿಗಳು ತಂಪಾಗಿರುವುವು. ಗೆಡ್ಡೆ ಕಟ್ಟಲು ಈ ತಂಪೇ ಬೇಕು. ಆದುದರಿಂದ ಅಕ್ಟೋಬರ್ ಕಡೆಯಿಂದ ನವೆಂಬರ್ ಒಳಗೆ ನಾಟಿ ಮಾಡುವುದು ಉತ್ತಮ.

ಕತ್ತಲಲ್ಲಿ ಬೆಳೆದ ನೀಳವಾದ ಬಿಳಿಯ ಮೊಳಕೆ ದುರ್ಬಲ, ಮುಟ್ಟಿದರೆ ಮುರಿಯುವುದು. ಗೆಡ್ಡೆಗಳನ್ನು ಬಿಸಿಲು ತಾಗದ ಬೆಳಕಿನಲ್ಲಿ ಹತ್ತು ಹದಿನೈದು ದಿನ ಹರಡಿಟ್ಟರೆ ಅರ್ಧ ಅಂಗುಲದ ದಪ್ಪ ಮೊಳಕೆಗಳು ಬರುವುವು. ಆಗ ಸಿಪ್ಪೆ ಹಸುರಾಗುವುದು. ಈ ಹಸುರು ಬಿತ್ತನೆಗೆ ದೋಷವಲ್ಲ, ಊಟಕ್ಕೆ ವಿಷ. ಬೇಯಿಸಿದರೂ ಆ ವಿಷವು ಹೋಗುವುದಿಲ್ಲ. ಗಿಡದ ಸೊಪ್ಪನ್ನೂ ದನಗಳಿಗೆ ಹಾಕಕೂಡದು.

ಗೆಡ್ಡೆಯನ್ನು ಕುಯ್ದಾಗ ಒಳಗೆ ಬಳೆಯಂತೆ ಕಂದು ಗೆರೆ ಕಂಡರೆ, ಅಥವಾ ಹಿಂಡಿದಾಗ ಹಾಲಿನಂಥ ಲೋಳೆ ಹೊರಟರೆ, ಅದು ಸೊರಗು ರೋಗದ ಗುರುತು. ಆ ರೋಗವು ಮಣ್ಣಿನಲ್ಲಿ ವರ್ಷಗಟ್ಟಲೆ ನಿಂತು ಬದನೆ, ಟೊಮ್ಯಾಟೊಗಳನ್ನೂ ಕೆಡಿಸುವುದು. ಸಿಪ್ಪೆಯ ಕೆಳಗೆ ತುಕ್ಕಿನ ಬಣ್ಣದ ಮಚ್ಚೆಗಳಿದ್ದರೆ ಅಂಗಮಾರಿಯೆಂದು ಶಂಕಿಸತಕ್ಕದ್ದು. ೧೮೪೫ರಲ್ಲಿ ಐರ್ಲೆಂಡ್ ದೇಶಕ್ಕೆ ಈ ಅಂಗಮಾರಿಯೇ ಹೊಕ್ಕು, ಮುಂದಿನ ಕೆಲವೇ ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಮಡಿದರು. ಇಂಥ ಗೆಡ್ಡೆಗಳನ್ನು ತಿಪ್ಪೆಗೆ ಹಾಕದೆ ಸುಟ್ಟುಬಿಡಬೇಕು. ಕುಯ್ದ ಚಾಕುವನ್ನು ಕುದಿನೀರಿನಲ್ಲಿ ತೊಳೆಯಬೇಕು.

ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಬೆಳೆದ ಪಾತಿಯನ್ನು ಬಿಟ್ಟು ಬೇರೆ ನೆಲವನ್ನು ಆರಿಸಿ, ಒಂದಡಿ ಅಗೆದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸತಕ್ಕದ್ದು. ಕೋಳಿಮೊಟ್ಟೆಯಷ್ಟಿರುವ ಗೆಡ್ಡೆಯನ್ನು ಇಡಿಯಾಗಿಯೇ ಊರಬೇಕು. ದೊಡ್ಡದಾದರೆ ಹೋಳಿಗೆ ಎರಡು ಮೂರು ಕಣ್ಣುಗಳಿರುವಂತೆ ಕುಯ್ದು, ಕುಯ್ದ ಮೈಯನ್ನು ನೆರಳಲ್ಲಿ ಆರಿಸಬೇಕು. ಸಾಲಿನಿಂದ ಸಾಲಿಗೆ ೨ ಅಡಿ, ಗೆಡ್ಡೆಯಿಂದ ಗೆಡ್ಡೆಗೆ ೯ ಅಂಗುಲ, ಆಳ ೩ ಅಂಗುಲ, ಮೊಳಕೆ ಮೇಲ್ಮುಖವಾಗಿರಲಿ. ನೀರು ಹದವಾಗಿರಬೇಕು, ನಿಲ್ಲಕೂಡದು. ಹೊಸ ಗೆಡ್ಡೆಗಳು ಊರಿದ ಗೆಡ್ಡೆಗಿಂತ ಮೇಲೆಯೇ ಕಟ್ಟುವುದರಿಂದ, ತಿಂಗಳಾದ ಮೇಲೆ ಬುಡಕ್ಕೆ ಮಣ್ಣೇರಿಸಿ ಬಿಸಿಲು ತಾಗದಂತೆ ಮುಚ್ಚಬೇಕು. ತೊಂಬತ್ತು ನೂರು ದಿನಗಳಲ್ಲಿ ಎಲೆ ಹಣ್ಣಾದಾಗ ನೀರು ನಿಲ್ಲಿಸಿ, ಹತ್ತು ದಿನದ ಮೇಲೆ ಅಗೆಯಬಹುದು.

ಕಡೆಯದಾಗಿ ಒಂದು ಮಾತು. ಅಡುಗೆಮನೆಯ ಗೆಡ್ಡೆಯು ಹಿತ್ತಲನ್ನು ದಾಟಿ ಹೊಲಕ್ಕೆ ಹೋಗಕೂಡದು. ಹಾಸನದ ರೈತರು ದೂರದ ಜಲಂಧರದಿಂದ ಬಿತ್ತನೆಯನ್ನು ತರಿಸುವುದು ವ್ಯರ್ಥಕ್ಕಲ್ಲ. ಪಕ್ಕದಲ್ಲೇ ಆಲೂಗೆಡ್ಡೆಯ ಹೊಲವಿದ್ದರೆ ಹಿತ್ತಲಿನಲ್ಲಿಯೂ ಊರದಿರುವುದೇ ಲೇಸು. ಒಬ್ಬನ ಹಿತ್ತಲಿನ ರೋಗವು ಊರಿನ ಬೆಳೆಗೆ ಹಬ್ಬಬಹುದು; ಇದನ್ನು ಮನೆಮನೆಗೂ ತಿಳಿಯಹೇಳುವುದು ಗ್ರಾಮದ ಮುಖಂಡರ ಕರ್ತವ್ಯವಾಗಿದೆ.